ನೀಲತ್ತಿಯ ಹದಿನೈದು ಬಿಲ್ಲೆ

ಮೊನ್ನೆ ಶನಿವಾರ ಮಧ್ಯಾಹ್ನ ನವನಗರದಿಂದ ಹುಬ್ಬಳ್ಳಿಗೆ ಹೊರಟ ಸಿಟಿ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಕೂತಿದ್ದಳು. ಅವಳ ತೊಡೆಯ ಮೇಲೆ ಆರೇಳು ವರ್ಷದ ಮಗಳು, ಮಗಳ ಕೈಯಲ್ಲಿ ತಾಯಿಯ ಫೋನು. ಫೋನಿನಲ್ಲಿ ಹದಿನೈದು ಚೌಕ, ಒಂದು ಖಾಲಿ ಮನೆ. ಖಾಲಿ ಮನೆಗೆ ಒಂದೊಂದೇ ಚೌಕ ಸರಿಸುತ್ತ ಒಂದರಿಂದ ಹದಿನೈದರ ತನಕ ಸಾಲು ಹಚ್ಚುವ ಆಟ ಉಂಟಲ್ಲ, ಅದು. ನೀವೂ ಆಡಿರುತ್ತೀರಿ. ಚೌಕ ಸರಿದಾಗೊಮ್ಮೆ ಫೋನು ಟಕ್ ಎನ್ನುತ್ತಿತ್ತು. ಪ್ಲಾಸ್ಟಿಕ್ಕಿನ ಬಿಲ್ಲೆಗೆ ಪ್ಲಾಸ್ಟಿಕ್ಕಿನ ಬಿಲ್ಲೆ ಬಡಿದ ಸಪ್ಪಳ, ಥೇಟ್ ಹಾಗೆಯೇ. ಯಾವನೋ ಪುಣ್ಯಾತ್ಮ ಆ ಸಪ್ಪಳವನ್ನೂ ಬಿಡದೆ ಒಳಗೆ ತುಂಬಿದ್ದಾನೆ.

ಮೂರು ಸಾಲು ಸರಸರ ಕೂಡಿಸಿದ ಹುಡುಗಿ ಕೊನೆಯ ಸಾಲಿಗೆ ಬಂದು ನಿಂತಳು. "ಮಮ್ಮೀ, ಇದು ಕೂಡವಲ್ದು ನೋಡು," ಎಂದಳು.

ತಾಯಿ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಕೂಡತೈತಿ. ತಲಿ ಓಡಸು. ದಡ್ಡಿ ಏನ್ ನೀನು?"

ಪ್ರೀತಿಯಿಂದ ಅಂದ ಮಾತೇ ಅದು. ಹುಡುಗಿ ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ. ನನಗೆ ಮಾತ್ರ ಕೂತಲ್ಲಿ ಕೂಡಲಾಗಲಿಲ್ಲ. ಹರಿದ ಚಪ್ಪಲಿ ಹೊಲಿಸಲಿಕ್ಕೆಂದು ಚೀಲದಲ್ಲಿ ಹಾಕಿಕೊಂಡು ಹೊರಟವನು ನಡುವೆಯೇ ಇಳಿದೆ. ಎದುರಿನ ಬಸ್ಸು ಹಿಡಿದು ಮನೆಗೆ ವಾಪಸು ಬಂದೆ. ಯಾಕೆ ಬಂದೆ ಎಂಬುದನ್ನು ಹೇಳಬೇಕಾದರೆ ನಲವತ್ಮೂರು ವರ್ಷ ಹಿಂದೆ ಹೋಗಬೇಕು. ನಿಮಗೆ ಪುರುಸೊತ್ತಿದ್ದರೆ ಬನ್ನಿ. ಇದು ಹೇಳಿಕೊಂಡು ಮೆರೆಯುವಂಥ ಕಥೆಯಲ್ಲ, ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಒಬ್ಬರೇ ಕೂತು ಆಡುವ ಬುದ್ಧಿಯಾಟಗಳ ಹುಚ್ಚು ನನಗೆ ಸಣ್ಣಂದಿನಿಂದ ಇದೆ. ಪೇಪರು ಬಂದರೆ ಮೊದಲು ಸುಡೊಕು, ಆಮೇಲೆ ದೇಶದ ಸುದ್ದಿ. ಫೋನಿನಲ್ಲಿ ಇಂಥ ಆಟಗಳು ಹನ್ನೊಂದು ಇವೆ. ಕಡ್ಡಿ ಎತ್ತಿಡುವುದು, ಗೋಲಿ ಹಾರಿಸಿ ಕೊನೆಗೆ ಒಂದೇ ಗೋಲಿ ಉಳಿಸುವುದು, ಬಣ್ಣದ ನೀರನ್ನು ಬಾಟಲಿಯಿಂದ ಬಾಟಲಿಗೆ ಹೊಯ್ಯುವುದು. ಐವತ್ನಾಲ್ಕು ವರ್ಷದವನು ಸಣ್ಣ ಹುಡುಗರ ಹಾಗೆ ಬಾಟಲಿಗೆ ನೀರು ಹೊಯ್ಯುತ್ತ ಕೂತರೆ ಹೆಂಡತಿ ಸುಮ್ಮನಿರುತ್ತಾಳೆಯೇ? "ನೀವು ಆ ಫೋನಿನ ಕೂಡನಽ ಮದಿವಿ ಆಗಬೇಕಾಗಿತ್ತು ನೋಡ್ರಿ," ಎನ್ನುತ್ತಾಳೆ ಸುನಂದಾ. ಆಗಿದ್ದರೆ ಚಾರ್ಜಿಂಗ್ ಖರ್ಚೊಂದೇ ಇತ್ತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗುತ್ತೇನೆ.

ಇಂಥ ಆಟಗಳ ಸುಖ ಏನೆಂದರೆ ಎದುರಿಗೆ ಯಾರೂ ಇರುವುದಿಲ್ಲ. ಯಾರನ್ನೂ ಸೋಲಿಸಬೇಕಾಗಿಲ್ಲ, ಯಾರೂ ಹಂಗಿಸುವುದಿಲ್ಲ. ಅದರ ಕಷ್ಟವೂ ಅದೇ. ಇಸ್ಪೀಟಿನಲ್ಲಿ ಸೋತರೆ ಎಲೆ ಛಲೋ ಬರಲಿಲ್ಲ ಎನ್ನಬಹುದು, ಕೇರಂನಲ್ಲಿ ಸೋತರೆ ಎದುರಿನವ ಮೋಸ ಮಾಡಿದ ಎನ್ನಬಹುದು. ಒಬ್ಬರೇ ಆಡುವ ಆಟದಲ್ಲಿ ಸೋತರೆ ಬೈಯಲಿಕ್ಕೆ ತನ್ನ ತಲೆಯೊಂದೇ ಸಿಗುತ್ತದೆ. ನೀಲತ್ತಿ ಹಾಗೆಯೇ ಮಾಡಿದಳು.

ನೀಲತ್ತಿ ನಮ್ಮಪ್ಪನ ತಂಗಿ. ನಮ್ಮ ಮನೆ ಆಗ ಕೇಶ್ವಾಪುರದಲ್ಲಿತ್ತು, ಅಪ್ಪನದು ಕಾಳಿನ ಅಂಗಡಿ. ಅತ್ತಿಯನ್ನು ಒಂಬತ್ತನೆಯ ಇಯತ್ತೆಗೆ ಸಾಲಿ ಬಿಡಿಸಿ ಮುಗದ ಎಂಬ ಹಳ್ಳಿಗೆ ಕೊಟ್ಟಿದ್ದರು. ಅವಳಿಗೆ ಇಪ್ಪತ್ನಾಲ್ಕು ಆಗುವುದರೊಳಗೆ ಗಂಡ ಜ್ವರದಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ಅಪ್ಪ ಹೋಗಿ ಕರೆದುಕೊಂಡು ಬಂದ. ಅಂದಿನಿಂದ ನಮ್ಮ ಮನೆಯ ರೊಟ್ಟಿಯ ಸಪ್ಪಳ ಅವಳದು. ಬಡಿಯುವ ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ನಾನು ಒಲೆಯ ಹತ್ತಿರ ಕೂತು ಲೆಕ್ಕ ಬರೆಯುತ್ತಿದ್ದರೆ ಅವಳು ಪಾಟಿಯ ಕಡೆ ಓರೆಗಣ್ಣು ಬಿಟ್ಟು, "ಏ ಅಪ್ಪೂ, ಏಳೆಂಟ್ಲೆ ಐವತ್ತಾರು. ಐವತ್ತೆಂಟು ಎಲ್ಲಿಂದ ತಂದಿಯೋ ಮಂಗ್ಯಾ?" ಎನ್ನುತ್ತಿದ್ದಳು. ಮನೆಯಲ್ಲಿ ನನ್ನನ್ನು ಅಪ್ಪು ಎನ್ನುತ್ತಿದ್ದರು. ಮಂಗ್ಯಾ ಎಂಬುದು ಅವಳೊಬ್ಬಳು ಕೊಟ್ಟ ಪದವಿ.

ಆ ಬಿಲ್ಲೆಯ ಆಟವನ್ನು ಪುಣೆಯಿಂದ ತಂದವನು ನನ್ನ ಸೋದರಮಾವ. ಅಂಗೈಯಗಲದ ಹಸಿರು ಡಬ್ಬಿ, ಅದರಲ್ಲಿ ಬಿಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಕರಿಯ ಅಂಕಿ. ತಂದದ್ದು ನನಗೇ. ಎರಡು ದಿನ ತಿಕ್ಕಾಡಿದೆ, ಕೂಡಲಿಲ್ಲ, ಮೂರನೆಯ ದಿನ ಅತ್ತು ಒಗೆದೆ. ಒಗೆದದ್ದನ್ನು ಅತ್ತಿ ಎತ್ತಿಕೊಂಡಳು.

ಮಧ್ಯಾಹ್ನ ಓಣಿಯ ಹೆಂಗಸರು ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದರು. ಅತ್ತಿಯನ್ನೂ ಕರೆಯುತ್ತಿದ್ದರು, ಇಲ್ಲವೆನ್ನಲಾರೆ. ಆದರೆ ಕರೆಯುವ ಮುಂಚೆ ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಗಳಿಗೆ ಅತ್ತಿಗೆ ಕಾಣುತ್ತಿತ್ತು. "ನನಗ ಕೆಲಸ ಐತ್ರೆವಾ," ಎಂದು ಒಳಗೆ ಬಂದು ಈ ಡಬ್ಬಿ ಹಿಡಿದು ಕೂಡುತ್ತಿದ್ದಳು. ಮೊದಲ ಸಲ ಕೂಡಿಸಲಿಕ್ಕೆ ಎಂಟು ಮಧ್ಯಾಹ್ನ ಹಿಡಿಯಿತು. ಆಮೇಲೆ ಒಂದು ಮಧ್ಯಾಹ್ನ. ಆಮೇಲೆ ಒಲೆಯ ಮೇಲೆ ಹಾಲಿಟ್ಟು, "ಉಕ್ಕೂದ್ರಾಗ ಕೂಡಸ್ತೇನಿ ನೋಡು," ಎಂದು ಪಂಥ ಕಟ್ಟಿ ಕೂಡಿಸಿಬಿಡುತ್ತಿದ್ದಳು. ಹಾಲು ಉಕ್ಕಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮುಗಿದ ಮೇಲೆ ಡಬ್ಬಿಯನ್ನು ಎತ್ತಿ ಹಿಡಿದು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ಅವಳು ಹಾಗೆ ನಗುವುದಕ್ಕೆ ಮನೆಯಲ್ಲಿ ಬೇರೆ ಕಾರಣ ಇರಲಿಲ್ಲ ಎಂಬುದು ನನಗೆ ಈಗ ಹೊಳೆಯುತ್ತದೆ.

ಎದುರು ಮನೆಯಲ್ಲಿ ಪ್ರಾಥಮಿಕ ಸಾಲಿಯಲ್ಲಿ ಕಲಿಸುವ ಅಕ್ಕೋರು ಒಬ್ಬರಿದ್ದರು. ಅತ್ತಿ ನನಗೆ ಲೆಕ್ಕ ಹೇಳಿಕೊಡುವುದನ್ನು ಕಿಟಕಿಯಿಂದ ಕೇಳುತ್ತಿದ್ದರು. ಒಂದು ದಿನ ಬಂದು ನಡುಮನೆಯಲ್ಲಿ ಕೂತು ಅಪ್ಪನ ಎದುರಿಗೇ ಹೇಳಿದರು: "ನೀಲಮ್ಮಾರ, ನೀವು ಮನ್ಯಾಗ ಕುಂತು ಎಸ್ಸೆಸ್ಸೆಲ್ಸಿ ಕಟ್ರಿ. ಮುಗದದಾಗ ಬಾಲವಾಡಿ ಸುರು ಆಗೂದೈತಂತ. ಆ ಊರ ಸೊಸಿ ನೀವು, ಅಲ್ಲೆ ನಿಮಗೊಂದು ಮನಿನೂ ಐತಿ. ಪಾಸಾದ್ರ ನಿಮ್ಮನ್ನ ಬಿಟ್ಟು ಮತ್ತ್ಯಾರನ್ನ ತಗೊಂತಾರ?"

ಅತ್ತಿ ಅಪ್ಪನ ಮುಖ ನೋಡಿದಳು. ಅಪ್ಪ ಕೆಟ್ಟವನಲ್ಲ. "ನಿನ್ನ ಮನಸ್ಸವಾ. ನಾ ಬ್ಯಾಡ ಅನ್ನೂದಿಲ್ಲ," ಎಂದ. ಬ್ಯಾಡ ಅನ್ನಲಿಲ್ಲ, ಖರೇ. ಕಟ್ಟು ಎಂದೂ ಅನ್ನಲಿಲ್ಲ. ಅಕ್ಕೋರು ಮರುದಿನ ಫಾರ್ಮು ತಂದುಕೊಟ್ಟರು. ಅತ್ತಿ ನನ್ನ ಪೆನ್ನು ಕೇಳಿ ಇಸಗೊಂಡು, ದುಂಡಗಿನ ಅಕ್ಷರದಲ್ಲಿ ಎಲ್ಲ ತುಂಬಿದಳು. ಸಹಿ ಒಂದು ಬಿಟ್ಟಳು. ಕೊಡಲಿಕ್ಕೆ ಇನ್ನು ಎಂಟು ದಿನ ಇತ್ತು. ಆಗ ಅವಳಿಗೆ ಇಪ್ಪತ್ತೊಂಬತ್ತು, ನನಗೆ ಹನ್ನೊಂದು.

ನಮ್ಮ ಕಡೆ ಇಂಥದಕ್ಕೆಲ್ಲ ದೇವರಿಗೆ ಹೂ ಕೇಳುತ್ತಾರೆ. ನೀವು ನೋಡಿರಬಹುದು. ದೇವರ ಮೈಗೆ ಒದ್ದೆ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲಿ ಇದ್ದದ್ದನ್ನು ಕೇಳಿ, ಕೈ ಮುಗಿದು ಕೂಡುವುದು. ಬಲಗಡೆಯ ಎಸಳು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಹೊಲ ಕೊಳ್ಳುವಾಗ, ಕನ್ಯಾ ನೋಡುವಾಗ, ಎತ್ತು ಮಾರುವಾಗ, ಏನೇ ಇರಲಿ ಹೂ ಆಗಬೇಕು. ಅತ್ತಿಯ ಮದುವೆಗೂ ಬಲಕ್ಕೇ ಹೂ ಆಗಿತ್ತಂತೆ. ಅದಕ್ಕೇ ಇರಬೇಕು, ನಮ್ಮವ್ವ "ದೇವರಿಗೆ ಒಂದು ಹೂ ಕೇಳಿ ಸಹಿ ಮಾಡವಾ," ಎಂದಾಗ ಅತ್ತಿ ನಕ್ಕುಬಿಟ್ಟಳು.

"ಆ ದೇವರನ್ನ ಕೇಳಿದ್ದಾತು ವೈನಿ. ಈ ಸಲ ಇದನ್ನ ಕೇಳ್ತೇನಿ," ಎಂದು ಬಿಲ್ಲೆಯ ಡಬ್ಬಿ ತೋರಿಸಿದಳು. "ನಾಳಿ ಜಳಕಾ ಮಾಡಿ ಕುಂದರತೇನಿ. ಕೂಡಿತು ಅಂದ್ರ ಸಹಿ."

ಯಾವಾಗಲೂ ಹೌದು ಎನ್ನುವ ದೇವರನ್ನೇ ಅವಳು ಹುಡುಕಿಕೊಂಡಿದ್ದಳು. ಕೂಡುತ್ತದೆ ಎಂದು ಗೊತ್ತಿದ್ದೇ ಕೇಳಿದ್ದು. ಯಾರೂ ಕಟ್ಟು ಎನ್ನದ ಮನೆಯಲ್ಲಿ ಅವಳಿಗೆ ಕಟ್ಟು ಎನ್ನುವವರು ಒಬ್ಬರು ಬೇಕಾಗಿತ್ತು, ಅಷ್ಟೇ. ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟು ನನಗೆ ಹೇಳಿದಳು: "ಅಪ್ಪೂ, ಇದನ್ನ ಮುಟ್ಟಿ ಅಂದ್ರ ಕೈ ಮುರೀತೇನಿ."

ಮುಟ್ಟಬೇಡ ಅಂದ ಮೇಲೆ ಮುಟ್ಟದೆ ಇರುವ ಹುಡುಗರೂ ಎಲ್ಲೋ ಇರುತ್ತಾರಂತೆ. ಸಂಜೆ ಅವಳು ನೀರಿಗೆ ಹೋದಾಗ ನಾನು ಜಗಲಿಯ ಮೇಲಿಂದ ಅದನ್ನು ಇಳಿಸಿದೆ. ಅವಳ ಕಣ್ಣಿಗೆ ಬೀಳುವ ಮುಂಚೆ ಒಮ್ಮೆ ಕೂಡಿಸಿ ನೋಡೋಣ, ನಾನೇನು ಕಡಿಮೆಯೇ ಎಂಬ ಜಂಬ. ಕೈ ಜಾರಿತು. ಪಡಸಾಲೆಯ ಕಲ್ಲಿಗೆ ಡಬ್ಬಿ ಬಿದ್ದು ಬಿಲ್ಲೆಗಳೆಲ್ಲ ಜೋಳ ಚೆಲ್ಲಿದ ಹಾಗೆ ಚೆಲ್ಲಿದವು. ಕಪಾಟಿನ ಕೆಳಗೆ, ಚಾಪೆಯ ಕೆಳಗೆ ಕೈಯಾಡಿಸಿ ಹದಿನೈದೂ ಆರಿಸಿದೆ. ಮೂಲೆಯಲ್ಲಿ ಸ್ವಲ್ಪ ಒತ್ತಿದರೆ ಬಿಲ್ಲೆ ಒಳಗೆ ಕೂಡುತ್ತಿತ್ತು. ಕೈಗೆ ಯಾವುದು ಬಂತೋ ಅದನ್ನು ಒತ್ತಿದೆ. ಯಾವುದು ಎಲ್ಲಿದ್ದರೇನು, ಅತ್ತಿ ಹೇಗೂ ಕೂಡಿಸುವವಳೇ ಅಲ್ಲವೇ ಎಂದುಕೊಂಡೆ. ಡಬ್ಬಿಯ ಒಂದು ಮೂಲೆ ಕೂದಲೆಳೆಯಷ್ಟು ಸೀಳಿತ್ತು. ಆ ಮೂಲೆಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಮರುದಿನ ಅತ್ತಿ ತಲೆಗೆ ನೀರು ಹಾಕಿಕೊಂಡು ಬಂದು ಕೂತಳು. ಒಂದು, ಎರಡು, ಮೂರು ಸಾಲು ಎಂದಿನ ಹಾಗೆ ಬಂದವು. ಕೊನೆಯ ಸಾಲಿನಲ್ಲಿ ಹದಿಮೂರು, ಹದಿನೈದು, ಹದಿನಾಲ್ಕು ಬಂದು ನಿಂತವು. ನಕ್ಕಳು. ಕೆಡಿಸಿ ಮತ್ತೆ ಕೂಡಿಸಿದಳು. ಮತ್ತೆ ಹದಿಮೂರು, ಹದಿನೈದು, ಹದಿನಾಲ್ಕು. ಮೂರನೆಯ ಸಲಕ್ಕೆ ನಗು ನಿಂತಿತು. ಅವತ್ತು ನಮ್ಮ ಮನೆಯಲ್ಲಿ ಮೊದಲ ಬಾರಿಗೆ ರೊಟ್ಟಿ ತಡವಾಯಿತು. ಅಪ್ಪ ಅವಲಕ್ಕಿ ತಿಂದು ಅಂಗಡಿಗೆ ಹೋದ.

ಎರಡನೆಯ ದಿನವೂ ಅಷ್ಟೇ, ಮೂರನೆಯ ದಿನವೂ ಅಷ್ಟೇ. ಅವಳು ಮಾತು ಕಡಿಮೆ ಮಾಡಿದಳು. ಒಲೆಯ ಮುಂದೆ ಕೂತಾಗಲೂ ಬೆರಳುಗಳು ಗಾಳಿಯಲ್ಲಿ ಬಿಲ್ಲೆ ಸರಿಸುತ್ತಿದ್ದವು. ನಮ್ಮವ್ವನಿಗೆ ನೋಡಲಾಗದೆ, "ಎರಡು ಬಿಲ್ಲಿ ಕಿತ್ತು ಹಚ್ಚಿಬಿಡವಾ, ಅಷ್ಟಕ್ಯಾಕ ಜೀವಾ ತಿಂತೀ?" ಎಂದಳು. ಅತ್ತಿ ತಲೆಯಾಡಿಸಿದಳು. "ಹೂವ ನಾವಽ ಬಟ್ಟಲೆ ದಬ್ಬಿ ಕೆಡವಿದ್ರ ನಡೀತದೇನು ವೈನಿ?" ಎಂದಳು. ಬಟ್ಟು ಎಂದರೆ ನಮ್ಮಲ್ಲಿ ಬೆರಳು.

ನಾಲ್ಕನೆಯ ದಿನ ನಾನು ಹೇಳಬೇಕೆಂದು ಹೋದೆ. ದೇವರಾಣೆ ಹೋದೆ. ನಾನು ಕೆಡವಿದಾಗಿನಿಂದಲೇ ಅದು ಕೂಡುತ್ತಿಲ್ಲ ಎಂಬುದು ಹನ್ನೊಂದು ವರ್ಷದ ತಲೆಗೂ ತಿಳಿದಿತ್ತು. ಯಾಕೆ ಎಂದು ಮಾತ್ರ ತಿಳಿದಿರಲಿಲ್ಲ. ಅವಳ ಹತ್ತಿರ ಹೋಗಿ ನಿಂತು, "ಅತ್ತೀ," ಎಂದೆ.

"ಏನೋ?" ಎಂದಳು, ತಲೆ ಎತ್ತದೆ.

"ಹಸಿವಾಗೇತಿ."

ಎದ್ದು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೇಲೆ ಕೆನೆಮೊಸರು ಹಾಕಿ ಕೊಟ್ಟಳು. ನಾನು ಎರಡು ತಿಂದೆ. ಹೊಟ್ಟೆ ತುಂಬಿತ್ತು, ಆದರೂ ತಿಂದೆ. ಬೇಡ ಅಂದರೆ ಮತ್ತೆ ಯಾಕೆ ಕರೆದೆ ಎಂದು ಕೇಳುತ್ತಿದ್ದಳಲ್ಲ.

ಎಂಟನೆಯ ದಿನ ಅಕ್ಕೋರು ಫಾರ್ಮು ಕೇಳಲಿಕ್ಕೆ ಬಂದರು. ಅತ್ತಿ ಬಾಗಿಲಲ್ಲೇ ನಿಂತು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: "ಬ್ಯಾಡ್ರಿ ಅಕ್ಕೋರ. ನನ್ನ ತಲಿ ಅಷ್ಟಽ ಐತಿ. ಇಷ್ಟು ಬಿಲ್ಲಿ ಹಚ್ಚಾಕ ಬರಲಾರದಾಕಿ ಎಸ್ಸೆಸ್ಸೆಲ್ಸಿ ಏನ್ ಕಟ್ಲಿ?" ಅಕ್ಕೋರಿಗೆ ತಲೆಬುಡ ತಿಳಿಯಲಿಲ್ಲ. ಒಂದೆರಡು ಮಾತು ಹೇಳಿ ನೋಡಿ, ಹೋದರು. ಬಿಲ್ಲೆಯ ಡಬ್ಬಿಯನ್ನು ಅತ್ತಿ ಅವತ್ತೇ ಹಳೆ ಪಾತ್ರೆಯವನಿಗೆ ಹಾಕಿದಳು. ಫಾರ್ಮನ್ನು ಹರಿಯಲಿಲ್ಲ. ಅಡಿಗೆಮನೆಯ ಕಪಾಟಿನಲ್ಲಿ ಖಾರದ ಡಬ್ಬಿಯ ಕೆಳಗೆ ಹಾಸಿದಳು. ಎಷ್ಟೋ ವರ್ಷ ಅದು ಅಲ್ಲೇ ಇತ್ತು, ಅವಳ ದುಂಡಗಿನ ಅಕ್ಷರ ಮೇಲೆ ಮಾಡಿ.

ಇಷ್ಟಕ್ಕೇ ನಿಂತಿದ್ದರೆ ಹುಡುಗಾಟ ಎಂದು ನೀವೂ ನನ್ನನ್ನು ಬಿಟ್ಟುಬಿಡುತ್ತಿದ್ದಿರಿ. ಮುಂದಿನದನ್ನು ಕೇಳಿ.

ಹದಿನೆಂಟು ವರ್ಷಕ್ಕೆ ನಾನು ಧಾರವಾಡದಲ್ಲಿ ಬಿಎಸ್ಸಿ ಸೇರಿದೆ. ಮೊದಲ ವರ್ಷದಲ್ಲೇ ಒಬ್ಬ ಪ್ರೊಫೆಸರು ಕರಿಹಲಗೆಯ ಮೇಲೆ ಇದೇ ಆಟದ ಚಿತ್ರ ಬರೆದರು. ಬಿಲ್ಲೆಗಳನ್ನು ಸರಿಸಿ ಎಷ್ಟು ಬೇಕಾದರೂ ಕಲಸಿ, ಅದು ಮತ್ತೆ ಕೂಡೇ ಕೂಡುತ್ತದೆ. ಆದರೆ ಎರಡು ಬಿಲ್ಲೆ ಕಿತ್ತು ಅದಲುಬದಲು ಹಚ್ಚಿದಿರೋ, ಜನ್ಮವಿಡೀ ಸರಿಸಿದರೂ ಕೂಡುವುದಿಲ್ಲ. ಹದಿಮೂರು, ಹದಿನೈದು, ಹದಿನಾಲ್ಕು ಎಂದೇ ನಿಲ್ಲುತ್ತದೆ. ಎಷ್ಟೇ ಜಾಣನಾದರೂ ಅಷ್ಟೇ. ಕೈಗೆ ಬಂದ ಹಾಗೆ ಬಿಲ್ಲೆ ಒತ್ತಿದರೆ ಕೂಡುವ ಸಂಭವ ಅರ್ಧ, ಕೂಡದಿರುವ ಸಂಭವ ಅರ್ಧ. ಇದನ್ನು ಅವರು ಅರ್ಧ ತಾಸಿನಲ್ಲಿ ಸಾಧಿಸಿ ತೋರಿಸಿ ಕೈಯ ಸುಣ್ಣ ಕೊಡವಿಕೊಂಡರು.

ನನಗೆ ಆಗ ಏನನ್ನಿಸಿತು ಗೊತ್ತೇ? ಖುಷಿ. ಎಂಥ ಸುಂದರ ನಿಯಮ ಎಂದು ಖುಷಿ. ನಾಚಿಕೆ ಆಮೇಲೆ, ಹುಬ್ಬಳ್ಳಿಯ ಬಸ್ಸಿನಲ್ಲಿ ಬಂತು. ಮನೆಗೆ ಹೋದ ಕೂಡಲೇ ಹೇಳಿಬಿಡಬೇಕು ಎಂದುಕೊಂಡೆ. ಹೋದೆ. ಅವ್ವ ಮೊಣಕಾಲು ನೋವಿನಿಂದ ಮಲಗಿದ್ದಳು, ಅತ್ತಿ ಒಬ್ಬಳೇ ಹತ್ತು ಮಂದಿಯ ಅಡಿಗೆ ಮಾಡುತ್ತಿದ್ದಳು. ಆಗ ನನ್ನೊಳಗೆ ಒಂದು ಮಾತು ಬಂದುಹೋಯಿತು. ಹೇಳಿದರೆ ಅತ್ತಿ ಮತ್ತೆ ಫಾರ್ಮು ತರುತ್ತಾಳೆ, ಪಾಸಾಗುತ್ತಾಳೆ, ಮುಗದಕ್ಕೆ ಹೋಗುತ್ತಾಳೆ. ಹೋದರೆ ಇಲ್ಲಿ ಯಾರು? ಇದನ್ನು ನಾನು ಯಾರಿಗೂ ಹೇಳಿಲ್ಲ. ಈಗ ಬರೆಯುವಾಗಲೂ ಕೈ ಹಿಂದೆಗೆಯುತ್ತದೆ. ಪರೀಕ್ಷೆ ಮುಗಿಯಲಿ, ಅವ್ವನ ಕಾಲು ವಾಸಿಯಾಗಲಿ, ನೌಕರಿ ಸಿಗಲಿ ಎಂದು ಮುಂದೂಡುತ್ತ ಹೋದೆ. ನೆಪಗಳಿಗೆ ನನ್ನ ಹತ್ತಿರ ಯಾವತ್ತೂ ಬರ ಬಂದಿಲ್ಲ.

ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ. ಮಾಸ್ತರನಾದ ಮೇಲೆ ನಾನು ಈ ಸಂಗತಿಯನ್ನು ಪಾಠ ಮಾಡಿಕೊಂಡೆ. ಸಮಸಂಖ್ಯೆ, ಬೆಸಸಂಖ್ಯೆ ಕಲಿಸುವಾಗ ಹುಡುಗರು ತೂಕಡಿಸಬಾರದು ನೋಡಿ, ಅದಕ್ಕೆ. "ನಮ್ಮ ಮನ್ಯಾಗ ಒಬ್ಬಾಕಿ ಅತ್ತಿ ಇದ್ಲು. ಕೂಡಲಾರದ ಬಿಲ್ಲಿ ಹಿಡಕೊಂಡು ಎಂಟು ದಿನ ತಿಕ್ಕಿದ್ಲು ನೋಡ್ರಿ!" ಎಂದು ಅವಳು ಕಣ್ಣು ಕಿರಿದು ಮಾಡಿ ಬೆರಳು ಓಡಿಸಿದ ಹಾಗೆ ಓಡಿಸಿ ತೋರಿಸುತ್ತಿದ್ದೆ. ಇಡೀ ತರಗತಿ ಹೋ ಎಂದು ನಗುತ್ತಿತ್ತು. ಫಾರ್ಮಿನ ಮಾತು ಹೇಳುತ್ತಿರಲಿಲ್ಲ. ಬಿಲ್ಲೆ ಬದಲಿಸಿದ್ದು ಯಾರು ಎಂಬುದನ್ನೂ ಹೇಳುತ್ತಿರಲಿಲ್ಲ. ಪ್ರತಿ ವರ್ಷ ಹೇಳಿದೆ, ಪ್ರತಿ ವರ್ಷ ನಗಿಸಿದೆ. ಸಂಜೆ ಮನೆಗೆ ಬಂದು ಅದೇ ಅತ್ತಿ ಬಡಿದ ರೊಟ್ಟಿ ಉಂಡೆ.

ಮೊನ್ನೆ ಶುಕ್ರವಾರ ಒಂಬತ್ತನೆಯ ತರಗತಿಯಲ್ಲಿ ಮತ್ತೆ ಹೇಳಿದೆ. ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿ ರೇಷ್ಮಾ ಎಂಬ ಹುಡುಗಿ ಕೂಡುತ್ತಾಳೆ, ಸಾಮಾನ್ಯವಾಗಿ ಬಾಯಿ ಬಿಚ್ಚುವವಳಲ್ಲ. ಅವಳು ಎದ್ದು ನಿಂತು ಕೇಳಿದಳು: "ಆಮ್ಯಾಲೆ ಅವರಿಗೆ ಹೇಳಿದ್ರೇನ್ರಿ ಸರ್? ಅದು ಕೂಡೂದಲ್ಲಂತ?"

ನಾನು ಗಡಿಯಾರ ನೋಡಿದೆ. "ಟೈಮಾತು, ನಾಳಿ ನೋಡೂಣು," ಎಂದೆ. ಬೆಲ್ಲಿಗೆ ಇನ್ನೂ ಹನ್ನೆರಡು ನಿಮಿಷ ಇತ್ತು. ಅದು ತರಗತಿಗೆಲ್ಲ ಗೊತ್ತಿತ್ತು. ಶನಿವಾರ ಬೆಳಗಿನ ಸಾಲಿಯಲ್ಲಿ ಆ ತರಗತಿಯ ಕಡೆ ಹೋಗದೆ, ಬೇರೆ ಮಾಸ್ತರರಿಗೆ ನನ್ನ ತಾಸು ಕೊಟ್ಟು ತಪ್ಪಿಸಿಕೊಂಡೆ. ಮಧ್ಯಾಹ್ನ ಬಸ್ಸು ಹತ್ತಿದರೆ ಪಕ್ಕದಲ್ಲೇ ಆ ಮಗು ಬಂದು ಕೂತಿತ್ತು.

ಅತ್ತಿ ಈಗ ನವನಗರದಲ್ಲಿ ನಮ್ಮ ಜೊತೆಯೇ ಇದ್ದಾಳೆ. ಎಪ್ಪತ್ತೆರಡು. ಕಣ್ಣಿಗೆ ದಪ್ಪ ಕನ್ನಡಕ, ಕೈ ಮಾತ್ರ ಇನ್ನೂ ಗಟ್ಟಿ. ಪೇಪರು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಾಳೆ, ಸುಡೊಕು ಬಂದರೆ ಪುಟ ಮಡಚಿ ನನಗೆ ಕೊಡುತ್ತಾಳೆ. ಒಮ್ಮೆ ಸುನಂದಾ "ನೀವೂ ಮಾಡ್ರಲಾ," ಎಂದಾಗ, "ಅವು ಶಾಣ್ಯಾರ ಕೆಲಸ ತಂಗಿ," ಎಂದಿದ್ದಳು. ನಾನು ಅಲ್ಲೇ ಕೂತಿದ್ದೆ.

ನಾನು ಬಸ್ಸಿಳಿದು ಬಂದಾಗ ಅವಳು ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಸುನಂದಾ ತವರಿಗೆ ಹೋಗಿದ್ದಳು. "ಚಪ್ಪಲಿ ಹೊಲೀಲಿಲ್ಲೇನೋ?" ಎಂದಳು. ಅವಳ ಎದುರಿಗೆ ಕೆಳಗೆ ಕೂತೆ. ಕೂತವನು ಎಲ್ಲವನ್ನೂ ಹೇಳಿದೆ. ಜಗಲಿಯಿಂದ ಇಳಿಸಿದ್ದು, ಬಿದ್ದದ್ದು, ಒತ್ತಿದ್ದು, ಸೀಳಿದ ಮೂಲೆಯನ್ನು ಗೋಡೆಗೆ ತಿರುಗಿಸಿದ್ದು. ಫೋನಿನಲ್ಲಿ ಬಿಲ್ಲೆ ಸರಿಸಿ ವಿವರಿಸುವ ನನ್ನ ಮಾಸ್ತರಿಕೆ ಅವತ್ತು ನಡೆಯಲಿಲ್ಲ, ಅದಲುಬದಲಾದ ಬಿಲ್ಲೆ ಎಷ್ಟು ಸರಿಸಿದರೂ ಕೂಡುವುದಿಲ್ಲ ಎಂದಷ್ಟೇ ಹೇಳಿದೆ. ಅವಳ ಕೈ ನಿಂತಿತು.

"ಅಂದ್ರ ಅದು ಕೂಡ್ತಿದ್ದಿಲ್ಲಾ?"

"ಕೂಡ್ತಿದ್ದಿಲ್ಲ ಅತ್ತಿ."

"ಯಾರು ಮಾಡಿದ್ರೂ?"

"ಯಾರು ಮಾಡಿದ್ರೂ ಇಲ್ಲ. ನಮ್ಮ ಪ್ರೊಫೆಸರ್ ಮಾಡಿದ್ರೂ ಇಲ್ಲ."

ಕೈಯಲ್ಲಿದ್ದ ಮೆಂತ್ಯೆಯ ಕಡ್ಡಿಯನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು: "ಹಂಗಾದ್ರ ನಾ ದಡ್ಡಿ ಇದ್ದಿದ್ದಿಲ್ಲಲಾ?"

"ಇಲ್ಲ ಅತ್ತಿ. ನೀ ನಮ್ಮ ಮನ್ಯಾಗೆಲ್ಲಾ ಶಾಣ್ಯಾಕಿ ಇದ್ದಿ."

ಅವಳ ಮುಖದ ಮೇಲೆ ಏನೋ ಬಂತು. ನಗು ಎಂದುಕೊಂಡು ನಾನು ಉಸಿರು ಬಿಟ್ಟೆ. ಹೇಳಿದ್ದು ಛಲೋ ಆಯಿತು, ಹಗುರಾಯಿತು ಎಂದು ನನ್ನನ್ನು ನಾನೇ ಮೆಚ್ಚಿಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಕೇಳಿದಳು: "ನಿನಗ ಇದು ಯಾವಾಗ ತಿಳೀತು?"

ಮೊನ್ನೆ ಮೊನ್ನೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಬಿಎಸ್ಸಿ ಮೊದಲನೇ ವರ್ಷ," ಎಂದೆ.

"ಅಂದ್ರ ನಿನಗ ಹದಿನೆಂಟು."

"ಹೂಂ."

ಬೆರಳು ಎಣಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. "ನನಗ ಮೂವತ್ತಾರು," ಎಂದಳು. "ಆವಾಗನೂ ಕಟ್ಟಬೋದಿತ್ತಲ್ಲೋ ಅಪ್ಪೂ."

ಮೂವತ್ತು ವರ್ಷ ಲೆಕ್ಕ ಕಲಿಸಿದ್ದೇನೆ. ಈ ಒಂದು ಲೆಕ್ಕವನ್ನು ನಾನು ಮಾಡಿ ನೋಡಿರಲಿಲ್ಲ. ಕೈ ಜಾರಿ ಬಿದ್ದದ್ದಕ್ಕೆ ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟಿದ್ದಳು. ಮೂವತ್ತಾರನ್ನು ಬಿಡಲಿಲ್ಲ. ತರಗತಿಯಲ್ಲಿ ನಗಿಸುತ್ತಿದ್ದದ್ದನ್ನೂ ಹೇಳಿದೆ. ಇಷ್ಟು ಹೇಳಿದ ಮೇಲೆ ಮುಚ್ಚಿಡುವುದೇನು? "ಭಾಳ ನಗ್ತಿದ್ದರೇನು?" ಎಂದು ಕೇಳಿದಳು. ಭಾಳ ಎಂದೆ. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, ಗೋಡೆ ಹಿಡಿದು ಎದ್ದಳು. ನಾನು ಕೈ ಕೊಡಲು ಹೋದೆ, ಹಿಡಿಯಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಸೋಮವಾರ ಪೂರಾ ಹೇಳು. ಫಾರ್ಮಿನ ಮಾತೂ ಹೇಳು. ನನ್ನ ಹೆಸರು ಹಚ್ಚಿ ಹೇಳು," ಎಂದಳು. ಅವತ್ತು ರಾತ್ರಿ, ಭಾನುವಾರ ಇಡೀ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಸೋಮವಾರ ಮೊದಲ ತಾಸು ಒಂಬತ್ತನೆಯ ತರಗತಿ. ಪುಸ್ತಕ ತೆಗೆಯಬೇಡಿ ಎಂದೆ. ಹಲಗೆಯ ಮೇಲೆ ನೀಲಮ್ಮ ಎಂದು ಬರೆದೆ. ಪೂರಾ ಹೇಳಿದೆ. ಹನ್ನೊಂದು, ಇಪ್ಪತ್ತೊಂಬತ್ತು, ಹದಿನೆಂಟು, ಮೂವತ್ತಾರು, ಎಲ್ಲವನ್ನೂ ಹೆಸರಿನ ಕೆಳಗೆ ಬರೆದೆ. ಅವಳು ಬೆರಳು ಓಡಿಸಿದ್ದನ್ನು ಮಾತ್ರ ಮಾಡಿ ತೋರಿಸಲಿಲ್ಲ. ಯಾರೂ ನಗಲಿಲ್ಲ. ಕೆಲವು ಹುಡುಗರು ಬೆಂಚಿನ ಕಡೆ ನೋಡುತ್ತ ಕೂತರು. ತಮ್ಮ ಮಾಸ್ತರ ಹೀಗೂ ಇರಬಹುದು ಎಂಬುದು ಅವರಿಗೆ ಹಿಡಿಸಿರಲಿಕ್ಕಿಲ್ಲ. ರೇಷ್ಮಾ ಮತ್ತೇನೂ ಕೇಳಲಿಲ್ಲ. ಬೆಲ್ ಹೊಡೆಯುವ ತನಕ ನಾನು ಅಲ್ಲೇ ನಿಂತಿದ್ದೆ.

ಮಧ್ಯಾಹ್ನ ಮನೆಗೆ ಬಂದಾಗ ಅತ್ತಿ ತಾಟು ಹಾಕಿ ಕಾಯುತ್ತಿದ್ದಳು.

"ಹೇಳಿದೇನು?"

"ಹೇಳಿದೆ. ಎಲ್ಲಾ ಹೇಳಿದೆ."

"ನಕ್ಕರೇನು?"

"ಯಾರೂ ನಗಲಿಲ್ಲ ಅತ್ತಿ."

ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ನಾನು ತುತ್ತು ಮುರಿದು ಬಾಯಿಗೆ ಇಡುವ ಹೊತ್ತಿಗೆ ಕೇಳಿದಳು: "ಹೇಳುಮುಂದ ನಿನಗ ಅಳು ಬಂತೇನು?"

"ಇಲ್ಲ ಅತ್ತಿ," ಎಂದೆ. ಖರೇ, ಬಂದಿರಲಿಲ್ಲ.

"ಬರಬೇಕಾಗಿತ್ತು," ಎಂದಳು. ಮೊಸರು ತರಲಿಕ್ಕೆ ಒಳಗೆ ಹೋದಳು.